ಹಿಮ ಬೀಳದ ಊರಿನ ಕೋಲ್ಡ್ ಸ್ಟಾರ್ಟ್

ಪ್ರಿಯ ಲೇಖಕರೇ,

ಶಿರಸಿಯಿಂದ ನೀವು ಕಳಿಸಿದ ‘ಹಳೆ ಕಾರಿನ ಮುಂಜಾವಿನ ಮುನಿಸು’ ಓದಿದೆವು. ಹಳೆಯ ಮಾರುತಿ ಎಸ್ಟೀಮ್ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್ ಇರುವ ಕಾರು) ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಆದ ಮೇಲೂ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ತಾನೇ ತಿರುಗುವಾಗ) ನಿಲ್ಲದೆ ಬಂದ್ ಬೀಳುವುದು, ಇದು ನಿಮ್ಮ ವಿಷಯ. ವಿಷಯ ನಮಗೆ ಬೇಕೇ ಬೇಕು. ಲೇಖನ ಮಾತ್ರ ಈಗಿರುವ ರೂಪದಲ್ಲಿ ಬೇಡ. ಯಾಕೆಂದು ಬಿಡಿಸಿ ಹೇಳುತ್ತೇವೆ, ಬೇಸರಿಸಬೇಡಿ.

ಮೊದಲ ತಕರಾರು: ಎರಡು ಕಾಲದ ಯಂತ್ರಗಳನ್ನು ನೀವು ಒಂದೇ ಬಾನೆಟ್ಟಿನಡಿ ಕೂರಿಸಿದ್ದೀರಿ. ಎರಡನೇ ಪುಟದ ಕೋಲ್ಡ್ ಸ್ಟಾರ್ಟ್ ವಾಲ್ವ್, ಥರ್ಮೋ ಟೈಮ್ ಸ್ವಿಚ್, ವಾರ್ಮ್‌ಅಪ್ ರೆಗ್ಯುಲೇಟರ್ ಎಲ್ಲ ಬಾಷ್‌ನವರು 1973ರಲ್ಲಿ ತಂದ ಕೆ-ಜೆಟ್ರಾನಿಕ್ ಎಂಬ ಯಾಂತ್ರಿಕ ಪೆಟ್ರೋಲ್ ಇಂಜೆಕ್ಷನ್ ಮನೆತನದವು. ಎಂಬತ್ತರ ದಶಕದ ಆರಂಭದ ಮರ್ಸಿಡಿಸ್ 230 ಇ ಥರದ ಗಾಡಿಯಲ್ಲಿ ಅವು ಸಿಗುತ್ತವೆ. ಎಸ್ಟೀಮಿನಲ್ಲಿ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಎಷ್ಟು ತಣ್ಣಗಿದೆ ಎಂದು ನೋಡಿಕೊಂಡು, ಇರುವ ನಾಲ್ಕು ಇಂಜೆಕ್ಟರುಗಳನ್ನೇ ತುಸು ಹೆಚ್ಚು ಹೊತ್ತು ತೆರೆದಿಡುತ್ತದೆ, ಅಷ್ಟೆ. ಇಲ್ಲದ ಪಾರ್ಟನ್ನು ಹುಡುಕಿಕೊಂಡು ಓದುಗ ಹುಬ್ಬಳ್ಳಿಗೆ ಹೋಗಿಬಂದರೆ ಶಾಪ ನಮಗೆ ತಟ್ಟುತ್ತದೆ. ಆ ಥರ್ಮೋ ಟೈಮ್ ಸ್ವಿಚ್ಚಾದರೂ ಸುಮಾರು 8 ಸೆಕೆಂಡ್ ಪೆಟ್ರೋಲ್ ಚಿಮ್ಮಿಸುವುದು ಮೈನಸ್ 20 ಡಿಗ್ರಿಯಲ್ಲಿ. ಕಾರವಾರದ ಜನವರಿ ಬೆಳಗು 20ರ ಆಸುಪಾಸು, ಶಿರಸಿಯದು 15ರ ಆಸುಪಾಸು. ನೀವು ಬರೆದ ಚಳಿ ನಮ್ಮ ಜಿಲ್ಲೆಯದಲ್ಲ. ಇಲ್ಲಿನ ಹವೆಗೆ ಗಾಡಿ ಏಳುತ್ತಿಲ್ಲವೆಂದರೆ ರಾತ್ರಿ ನಿಂತಲ್ಲೇ ಏನೋ ಇಳಿದುಹೋಗಿದೆ, ಇಲ್ಲವೇ ಇಸಿಯುಗೆ ಯಾರೋ ಸುಳ್ಳು ಹೇಳುತ್ತಿದ್ದಾರೆ. ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

‘ಕಂಬಳಿ ಹೊದ್ದ ಅಜ್ಜನಂತೆ ಎಂಜಿನ್ ಮೈಮುರಿಯುತ್ತದೆ’ ಎಂದು ಬರೆದಿದ್ದೀರಿ. ಹೋಲಿಕೆ ಚೆಂದ. ಆದರೆ ಸೆಲ್ಫ್ ಹೊಡೆದಾಗ ಎಂಜಿನ್ ನಿಧಾನವಾಗಿ ತಿರುಗಿತೋ, ಜೋರಾಗಿ ತಿರುಗಿಯೂ ಸ್ಟಾರ್ಟ್ ಆಗಲಿಲ್ಲವೋ? ದಾರಿ ಕವಲೊಡೆಯುವುದೇ ಅಲ್ಲಿ, ನಿಮ್ಮ ಅಜ್ಜ ಅದನ್ನು ಮುಚ್ಚಿಬಿಟ್ಟ. ನಿಧಾನವಾದರೆ, ಸೆಲ್ಫ್ ಹೊಡೆಯುವಾಗ ಬ್ಯಾಟರಿ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯುತ್ತದೆಯೇ ನೋಡಬೇಕು. ಇಳಿಯದಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಮತ್ತೊಮ್ಮೆ ಸೆಲ್ಫ್. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೇಬಲ್ ಕೆಟ್ಟಿದೆ. ಕರಾವಳಿಯ ಉಪ್ಪುಗಾಳಿಗೆ ಇದು ಮೊದಲ ತುತ್ತು: ಹೊರಗೆ ಕೇಬಲ್ ಸ್ವಚ್ಛ, ಲಗ್ಗಿನ (ಕೇಬಲ್ ತುದಿಯ ಲೋಹದ ಹಿಡಿಕೆಯ) ಒಳಗೆ ತಾಮ್ರ ಹಸಿರು ಪುಡಿ.

ಜೋರಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ, ನಿಮ್ಮ ಒಂಬತ್ತು ಪುಟಗಳಲ್ಲಿ ಅದೇ ಇಲ್ಲ. ಕೀ ಆನ್ ಮಾಡಿ, ಪಂಪು ಗುಂಯ್ ಎಂದು ನಿಲ್ಲುವ ತನಕ ಎರಡು ಮೂರು ಸೆಕೆಂಡ್ ಬಿಡಿ, ಆಫ್. ಹೀಗೆ ಮೂರು ಸಲ ಮಾಡಿ ಸೆಲ್ಫ್ ಹೊಡೆಯಿರಿ. ಈಗ ಥಟ್ಟನೆ ಸ್ಟಾರ್ಟ್ ಆದರೆ ರಾತ್ರಿಯಿಡೀ ಪೆಟ್ರೋಲ್ ಲೈನಿನ ಒತ್ತಡ ಸೋರಿದೆ ಎಂದರ್ಥ: ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ತೊಟ್ಟಿಕ್ಕುವ ಇಂಜೆಕ್ಟರ್, ಇಲ್ಲವೇ ಪ್ರೆಶರ್ ರೆಗ್ಯುಲೇಟರ್. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಕಿತ್ತು ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಒಳಗಿನ ಡಯಾಫ್ರಾಮ್ ಹರಿದಿದೆ.

‘ಕೂಲೆಂಟ್ ಸೆನ್ಸರ್ ಹಾಳಾಗಿದ್ದರೆ ಬದಲಿಸಿ’ ಎಂಬ ನಿಮ್ಮ ಸಾಲು ಸಲಹೆಯೇ ಅಲ್ಲ. ಹಾಳಾಗಿದೆ ಎಂದು ತಿಳಿಯುವುದು ಹೇಗೆ? ಮೊದಲಿಗೆ, ಈ ಕಾಲದ ಬಹಳಷ್ಟು ಗಾಡಿಗಳಲ್ಲಿ ಇಂಥವು ಎರಡಿರುತ್ತವೆ. ಒಂಟಿ ವೈರಿನದು ಡ್ಯಾಶ್‌ಬೋರ್ಡ್ ಮುಳ್ಳಿಗೆ, ಎರಡು ವೈರಿನದು ಇಸಿಯುಗೆ. ಮುಳ್ಳಿನದನ್ನು ಬದಲಿಸಿ ‘ಸೆನ್ಸರ್ ಹೊಸದು ಸಾರ್’ ಎನ್ನುವುದು ಮಾಮೂಲು. ಎರಡು ವೈರಿನದರ ಕನೆಕ್ಟರ್ ಬಿಚ್ಚಿ, ರಾತ್ರಿ ನಿಂತ ಎಂಜಿನ್ನಿನಲ್ಲಿ ಅಳೆದರೆ 20 ಡಿಗ್ರಿಗೆ 2ರಿಂದ 3 ಕಿಲೋಓಮ್, 80 ಡಿಗ್ರಿಗೆ 300 ಓಮ್ ಆಸುಪಾಸು ಬರಬೇಕು. ತಣ್ಣಗಿದ್ದಾಗಲೂ ಕಡಿಮೆ ತೋರಿಸಿದರೆ ಇಸಿಯು ಎಂಜಿನ್ ಬಿಸಿಯಿದೆ ಎಂದೇ ನಂಬಿ ಪೆಟ್ರೋಲ್ ಕೈಬಿಗಿ ಹಿಡಿಯುತ್ತದೆ. ಸೆನ್ಸರ್ ಸರಿಯಿದ್ದು ಕನೆಕ್ಟರ್ ಪಿನ್ನು ಕಿಲುಬು ಹಿಡಿದಿದ್ದರೆ ತಿರುಗುಮುರುಗು: ಓಮ್ ಏರಿ, ಬಿಸಿ ಎಂಜಿನ್ನಿಗೂ ಚಳಿಯ ಪಾಲು ಸುರಿಯುತ್ತದೆ.

ಏಳನೇ ಪುಟದ ಮೂಲೆಯಲ್ಲಿ ನೀವು ಅರ್ಧ ಸಾಲಿನಲ್ಲಿ ಎಸೆದಿರುವ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಇಡೀ ಲೇಖನದ ಅತ್ಯುತ್ತಮ ಸಂಗತಿ. ‘ಸೆಕೆ ಊರಿಗೆ ಇದ್ಯಾಕೆ’ ಎಂದು ಗ್ಯಾರೇಜಿನಲ್ಲಿ ಅದನ್ನು ಕಿತ್ತು ಎಸೆದ ಗಾಡಿಗಳು ನಮ್ಮಲ್ಲಿ ಎಷ್ಟಿಲ್ಲ! ಕೀಳಿಸಿಕೊಂಡ ಎಂಜಿನ್ ದೇವಿಮನೆ ಘಾಟಿ ಇಳಿಯುವಷ್ಟರಲ್ಲಿ ಮತ್ತೆ ತಣ್ಣಗಾಗಿ, ಕುಮಟಾ ತಲುಪಿದರೂ ಇಸಿಯು ವಾರ್ಮ್‌ಅಪ್ ಬಿಟ್ಟು ಹೊರಬರುವುದಿಲ್ಲ. ಐಡಲ್ ಏರಿಯೇ ಇರುತ್ತದೆ, ಪ್ಲಗ್ಗು ಮಸಿ, ಮೈಲೇಜು ನೆಲಕ್ಕೆ. ಮಸಿ ಹಿಡಿದ ಆ ಪ್ಲಗ್ಗೇ ಮರುದಿನ ಬೆಳಗ್ಗೆ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಇದಕ್ಕೆ ಒಂದು ಪುಟ ಕೊಡಿ.

ಐಡಲ್ ಭಾಗದಲ್ಲಿ ‘ಗಾಳಿ ಸೋರಿದರೆ ಐಡಲ್ ಬೀಳುತ್ತದೆ’ ಎಂದಿದ್ದೀರಿ. ಗಾಳಿಯನ್ನೇ ಅಳೆಯುವ ಏರ್‌ಫ್ಲೋ ಮೀಟರ್ ಗಾಡಿಗೆ ಅದು ನಿಜ. ಅಳತೆ ತಪ್ಪಿಸಿ ಒಳಬಂದ ಗಾಳಿಗೆ ತಕ್ಕ ಪೆಟ್ರೋಲ್ ಸಿಗುವುದಿಲ್ಲ. ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ಒತ್ತಡ ನೋಡುವ ಎಂಎಪಿ ಸೆನ್ಸರ್ ಗಾಡಿ ಆ ಗಾಳಿಗೂ ಪೆಟ್ರೋಲ್ ಕೊಡುತ್ತದೆ, ಐಡಲ್ ಏರುತ್ತದೆ. ನಿಮಿಷಕ್ಕೆ 850 ಸುತ್ತು ಇರಬೇಕಾದದ್ದು 1,300ರಲ್ಲಿ ನಿಂತಿದ್ದರೆ ಪೈಪುಗಳನ್ನು ಒಂದೊಂದಾಗಿ ಪಕ್ಕಡಿನಿಂದ ಹಿಸುಕಿ ನೋಡುವುದು ಸುಲಭ. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ ನಿಂತ ಗಾಡಿಯಾದರೆ ಇಲಿ ಕಡಿದ ವೈರು, ಪೈಪಿನ ಬಾಯಿಗೆ ಕುಂಬಾರ ಹುಳ ಮೆತ್ತಿದ ಮಣ್ಣು ಇವನ್ನೂ ನೋಡಬೇಕು. ಮಲೆನಾಡಿನವರಾಗಿ ನೀವು ಇವೆರಡನ್ನೂ ಬಿಟ್ಟದ್ದು ಅಚ್ಚರಿ.

ಎರಡು ಕಡೆ ಕೆಂಪು ಗೆರೆ ಎಳೆದಿದ್ದೇವೆ. ಸೋರಿಕೆ ಹುಡುಕಲು ಓಡುವ ಎಂಜಿನ್ನಿಗೆ ಸಿರಿಂಜಿನಿಂದ ಪೆಟ್ರೋಲ್ ಚಿಮುಕಿಸುವ ಸಲಹೆಯನ್ನು ನಾವು ಅಚ್ಚು ಹಾಕುವುದಿಲ್ಲ. ಪ್ಲಗ್ ವೈರಿಗೆ ತಾಗದಂತೆ ಪೈಪಿನ ಸಂದಿಗಳಿಗೆ ತೆಳ್ಳಗೆ ನೀರು ಸಿಂಪಡಿಸಿದರೂ ಸೋರುವ ಜಾಗದಲ್ಲಿ ಎಂಜಿನ್ನಿನ ಸದ್ದು ಒಂದು ಕ್ಷಣ ಬದಲಾಗುತ್ತದೆ. ಇನ್ನೊಂದು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲಿನ ಸ್ಟಾಪ್ ಸ್ಕ್ರೂ ತಿರುಗಿಸಿ ಐಡಲ್ ಏರಿಸುವುದು. ಅದು ಕಾರ್ಬ್ಯುರೇಟರ್ ಕಾಲದ ಅಭ್ಯಾಸ. ಕಾರ್ಖಾನೆಯಲ್ಲಿ ಕೂರಿಸಿದ ಆ ಸ್ಕ್ರೂ ಕದಲಿದರೆ ಥ್ರಾಟಲ್ ಮುಚ್ಚಿದೆಯೋ ಇಲ್ಲವೋ ಎಂಬುದೇ ಇಸಿಯುಗೆ ಗೊತ್ತಾಗದೆ ಹೋಗಬಹುದು. ಐಡಲ್ ವಾಲ್ವನ್ನು ಬಿಚ್ಚಿ, ಕ್ಲೀನರ್ ಹೊಡೆದು ಕಾರ್ಬನ್ ತೆಗೆಯಲು ಬರೆಯಿರಿ.

ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನ ಬಗ್ಗೆ ಬೈದಿದ್ದೀರಿ, ಕಾರಣ ಕೊಟ್ಟಿಲ್ಲ. ಬರೀ ಪೆಟ್ರೋಲಿಗೆ ತೂಕದಲ್ಲಿ ಒಂದು ಪಾಲು ಇಂಧನಕ್ಕೆ ಬೇಕಾದ ಗಾಳಿ 14.7 ಪಾಲು, ಇ20ಗೆ ಸುಮಾರು 13.5. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ 300 ಡಿಗ್ರಿಯಷ್ಟು ಕಾಯುವ ತನಕ ಈ ವ್ಯತ್ಯಾಸ ಸರಿಮಾಡುವವರಿಲ್ಲ, ಹಾಗಾಗಿ ಬೆಳಗಿನ ಮೊದಲ ನಿಮಿಷಗಳಲ್ಲಿ ಮಿಶ್ರಣ ತೆಳು. ನಾಲ್ಕು ಸಾಲು ಸಾಕು, ಬೈಗುಳ ಬೇಡ.

ತಿದ್ದಿದ ಪ್ರತಿ ಐದು ಪುಟ ಮೀರದಿರಲಿ. ಫೋಟೊ ಒಂದೇ ಸಾಕು: ಬಿಚ್ಚಿದ ಎರಡು ವೈರಿನ ಕನೆಕ್ಟರ್, ಪಕ್ಕದಲ್ಲಿ ಅಂಕಿ ಕಾಣುವಂತೆ ಮೀಟರ್. ಕಾರಿಗೆ ಒರಗಿ ನೀವು ನಿಂತದ್ದನ್ನು ವಾಪಸ್ ಕಳಿಸಿದ್ದೇವೆ.