ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತ ತಂಡ ಕ್ರಾಫ್ಟ್‌ವರ್ಕ್‌ನ ‘ದಿ ಕ್ಯಾಟಲಾಗ್’ ಬಾಕ್ಸ್ ಸೆಟ್‌ನಲ್ಲಿ ಅವರ ಎಲ್ಲ ಆಲ್ಬಮ್‌ಗಳೂ ಇವೆಯೇ?

ಇಲ್ಲ, ಮೂರು ಬಿಟ್ಟುಹೋಗಿವೆ.

2009ರ ಈ ಸೆಟ್‌ನಲ್ಲಿರುವುದು ಎಂಟು ಆಲ್ಬಮ್. 1974ರ ‘ಆಟೋಬಾನ್’ನಿಂದ ಹಿಡಿದು 2003ರ ‘ಟೂರ್ ದ ಫ್ರಾನ್ಸ್’ವರೆಗೆ, ಎಲ್ಲವೂ ರೀಮಾಸ್ಟರ್ ಆಗಿವೆ, ಅಂದರೆ ಹಳೆ ಧ್ವನಿಮುದ್ರಣದ ಸದ್ದನ್ನು ಹೊಸದಾಗಿ ತಿದ್ದಿದ್ದಾರೆ. ಆದರೆ ಡಸೆಲ್‌ಡಾರ್ಫ್‌ನ ಈ ತಂಡ 1970ರಿಂದ 1973ರೊಳಗೆ ಇನ್ನೂ ಮೂರು ಆಲ್ಬಮ್ ತಂದಿತ್ತು. ಕೊಳಲು, ಗಿಟಾರ್ ಎಲ್ಲ ಇದ್ದ ಪ್ರಯೋಗಗಳು ಅವು. ತಂಡದವರ ಲೆಕ್ಕದಲ್ಲಿ ಅಸಲಿ ಕ್ರಾಫ್ಟ್‌ವರ್ಕ್ ಶುರುವಾಗುವುದೇ ‘ಆಟೋಬಾನ್’ನಿಂದ.

ಅದಕ್ಕೆ ಕಾರಣವೂ ಇದೆ. ಆ ಆಲ್ಬಮ್‌ನ ಅದೇ ಹೆಸರಿನ ಹಾಡು ಶುರುವಾಗುವುದು ಹೀಗೆ: ಕಾರಿನ ಬಾಗಿಲು ಹಾಕಿದ ಸದ್ದು, ಎಂಜಿನ್ ಸ್ಟಾರ್ಟ್ ಆಗುವುದು, ಹಾರ್ನ್. ಆಮೇಲೆ 22 ನಿಮಿಷಕ್ಕೂ ಜಾಸ್ತಿ ಹೊತ್ತು ಹೆದ್ದಾರಿ ಪ್ರಯಾಣ. ಎಲ್‌ಪಿ ರೆಕಾರ್ಡಿನ ಒಂದು ಬದಿ ಪೂರ್ತಿ ಇದೊಂದೇ ಹಾಡು! ಸಿಂಥಸೈಜರ್ (ವಿದ್ಯುತ್‌ನಿಂದ ಸದ್ದು ಹುಟ್ಟಿಸುವ ವಾದ್ಯ) ಇಟ್ಟುಕೊಂಡೇ ಪಾಪ್ ಹಾಡು ಕಟ್ಟಬಹುದು ಅಂತ ಬಹಳ ಜನಕ್ಕೆ ಗೊತ್ತಾಗಿದ್ದು ಇದರಿಂದಲೇ.

1986ರ ‘ಎಲೆಕ್ಟ್ರಿಕ್ ಕೆಫೆ’ ಹುಡುಕಿ ಸಿಗಲಿಲ್ಲ ಅಂತ ಗಾಬರಿಯಾಗಬೇಡಿ. ಮೊದಲು ಯೋಚಿಸಿದ್ದ ‘ಟೆಕ್ನೋ ಪಾಪ್’ ಹೆಸರನ್ನೇ ಈ ಸೆಟ್‌ನಲ್ಲಿ ಅದಕ್ಕೆ ವಾಪಸ್ ಕೊಟ್ಟಿದ್ದಾರೆ. ‘ದಿ ಮಿಕ್ಸ್’ (1991) ಹಳೆ ಹಾಡುಗಳನ್ನೇ ಮತ್ತೆ ಮಾಡಿದ್ದು, ಅದನ್ನು ಕೊನೆಗೆ ಕೇಳಿದರೂ ನಡೆಯುತ್ತೆ. ನನ್ನನ್ನು ಕೇಳಿದರೆ ‘ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್’ನಿಂದ ಶುರು ಮಾಡಿ. ಅದರ ರಾಗವೇ 1982ರಲ್ಲಿ ನ್ಯೂಯಾರ್ಕ್‌ನ ಹಿಪ್‌ಹಾಪ್ ಹಾಡು ‘ಪ್ಲಾನೆಟ್ ರಾಕ್’ಗೆ ಹೋಗಿದ್ದು.

ಕೊಳ್ಳುವಾಗ ಎರಡು ವಿಷಯ ನೋಡಿಕೊಳ್ಳಿ. ಜರ್ಮನ್, ಇಂಗ್ಲಿಷ್ ಆವೃತ್ತಿಗಳು ಬೇರೆ ಬೇರೆ. 2017ರ ‘3-ಡಿ ದಿ ಕ್ಯಾಟಲಾಗ್’ ಕೂಡ ಬೇರೆಯೇ, ಅದು ಸಂಗೀತ ಕಛೇರಿಗಳ ಧ್ವನಿಮುದ್ರಣ.