ಮಳೆ ಇಲ್ಲದ ದಿನ ಹೊಳೆಗಿಳಿಯಬಹುದೇ?

ಪ್ರಶ್ನೆ: ಪಿಯುಸಿ ಓದುವ ನನ್ನ ಮಗ ಭಾನುವಾರ ಬಂತೆಂದರೆ ಗೆಳೆಯರ ಜೊತೆ ಗಾಜನೂರು ಡ್ಯಾಮಿನ ಕೆಳಗೆ ಬಂಡೆಗಳ ಮೇಲೆ ಕೂತು ಗಾಳ ಹಾಕುತ್ತಾನೆ. ‘ಮಳೆಯೇ ಇಲ್ಲ, ಈಜೂ ಬರುತ್ತೆ, ಏನಮ್ಮ ಭಯ?’ ಅಂತಾನೆ. ಏನು ಹೇಳಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಂಗೀ, ನಿಮ್ಮ ಭಯ ಸರಿಯಾದದ್ದೇ. ಗಾಜನೂರು ಡ್ಯಾಮ್ ಇರುವ ತುಂಗೆ ಶಿವಮೊಗ್ಗದ ಆಕಾಶ ನೋಡಿ ಏರುವವಳಲ್ಲ. ಹೊಳೆಯ ಮೇಲ್ಭಾಗದ ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹೊಯ್ದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಬರುತ್ತದೆ. ಶರಾವತಿಯ ಲಿಂಗನಮಕ್ಕಿ ಡ್ಯಾಮ್ ಸುಮಾರು 150 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿದರೆ ಗಾಜನೂರು ಹಿಡಿಯುವುದು 3 ಟಿಎಂಸಿ ಚಿಲ್ಲರೆ. ಮುಂಗಾರಿನಲ್ಲಿ ಬೇಗ ತುಂಬುತ್ತದೆ, ಆಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು.

ಶಿವಮೊಗ್ಗದಲ್ಲಿ ಹೊಳೆಯೊಳಗಿರುವ ಕೋರ್ಪಲಯ್ಯನ ಮಂಟಪ ಮುಳುಗಿದ ದಿನ ಎಲ್ಲರಿಗೂ ಎಚ್ಚರ ಇರುತ್ತೆ. ಹೊಳೆದಂಡೆಯಲ್ಲೇ ಬೆಳೆದ ನನಗೆ ಹೆಚ್ಚು ಆತಂಕ, ಬಂಡೆ ಕಾಣುವ ಶಾಂತ ದಿನಗಳದ್ದು.

ಈಜಿನ ಮಾತು ಅಲ್ಲಿ ನಡೆಯುವುದಿಲ್ಲ. ಗೇಟಿನ ಬುಡಕ್ಕೆ ಧುಮ್ಮಿಕ್ಕಿದ ನೀರು ಸುರುಳಿ ಸುತ್ತಿ, ಸಿಕ್ಕವನನ್ನು ಮತ್ತೆ ಮತ್ತೆ ಗೋಡೆಯತ್ತಲೇ ಎಳೆಯುತ್ತದೆ. ನೊರೆಯ ತುಂಬ ಗಾಳಿ ಇರುವುದರಿಂದ ಮೈ ಸರಿಯಾಗಿ ತೇಲುವುದೂ ಇಲ್ಲ.

ಸೈರನ್ ಕೇಳಿದರೆ, ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಗಾಳ, ಚಪ್ಪಲಿ, ಮೊಬೈಲ್ ಎಲ್ಲ ಬಿಟ್ಟು ದಡ ಹತ್ತಲಿ. ನಡುಬಂಡೆಗಂತೂ ಹೋಗಲೇಬಾರದು; ಸುತ್ತ ನೀರು ಏರಿದರೆ ವಾಪಸ್ ದಾರಿಯಿಲ್ಲ. ಗೆಳೆಯ ಬಿದ್ದರೆ ಇವನು ಹಾರಬಾರದು. ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆದು, ತಕ್ಷಣ 112ಕ್ಕೆ ಫೋನ್ ಮಾಡಲಿ. ಗಾಳ ಹಾಕಲೇಬೇಕೆಂದರೆ ದೊಡ್ಡವರ ಜೊತೆ ಊರ ಕೆರೆಯ ದಡಕ್ಕೆ ಕಳಿಸಿ.