ಭದ್ರತೆಯ ಆತಂಕ ಮತವಾಗುವುದು ಯಾವಾಗ?

ಪ್ರಶ್ನೆ: ಚುನಾವಣೆಗೆ ಮುನ್ನ ಯುದ್ಧವೋ ಭಯೋತ್ಪಾದಕ ದಾಳಿಯೋ ನಡೆದರೆ ಅಧಿಕಾರದಲ್ಲಿರುವವರೇ ಗೆಲ್ಲುತ್ತಾರೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಅಂಥ ಹೊತ್ತಿನಲ್ಲಿ ನಾಯಕರ ಬಗ್ಗೆ ಮೆಚ್ಚುಗೆ ಏರುವುದು ನಿಜ, ಆ ಮೆಚ್ಚುಗೆಯೆಲ್ಲ ಮತವಾಗುತ್ತದೆ ಎನ್ನುವುದಕ್ಕೆ ಚರಿತ್ರೆಯ ಬೆಂಬಲವಿಲ್ಲ. ಹೊರಗಿನ ಅಪಾಯ ಎದುರಾದಾಗ ವಿರೋಧ ಪಕ್ಷಗಳು ಟೀಕೆಯನ್ನು ಕೆಲಕಾಲ ಬದಿಗಿಡುತ್ತವೆ, ಪತ್ರಿಕೆಗಳಿಗೂ ಸರ್ಕಾರದ ಹೇಳಿಕೆಗಳೇ ಮುಖ್ಯ ಆಧಾರವಾಗುತ್ತವೆ. ಹೀಗಾಗಿ ಅಲ್ಲಿಯವರೆಗೆ ಅತೃಪ್ತರಾಗಿದ್ದವರೂ ಸಮೀಕ್ಷೆಯವರ ಮುಂದೆ ನಾಯಕನ ಪರವಾಗಿಯೇ ಮಾತನಾಡುತ್ತಾರೆ. 1991ರ ಕೊಲ್ಲಿ ಯುದ್ಧ ಮುಗಿದಾಗ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 89ರಷ್ಟು ಜನರ ಮೆಚ್ಚುಗೆ ಪಡೆದಿದ್ದ ಅಮೆರಿಕದ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್, ಮರುವರ್ಷದ ನವೆಂಬರಿನಲ್ಲಿ ಬಿಲ್ ಕ್ಲಿಂಟನ್ ಎದುರು ಸೋತರು. ಅಷ್ಟರಲ್ಲಿ ಜನರ ಚಿಂತೆ, ಆ ಯುದ್ಧಕ್ಕೆ ಕಾರಣವಾಗಿದ್ದ ಕುವೈತಿನಿಂದ ಉದ್ಯೋಗದತ್ತ ಹೊರಳಿತ್ತು. ಬ್ರಿಟನ್ನಿನ ಮತದಾರರು 1945ರ ಜುಲೈನಲ್ಲಿ, ಜಪಾನಿನೊಡನೆ ಯುದ್ಧ ಇನ್ನೂ ಮುಗಿಯದಿರುವಾಗಲೇ, ಚರ್ಚಿಲ್ ಅವರನ್ನು ಅಧಿಕಾರದಿಂದ ಇಳಿಸಿದರು. ಕಾರ್ಗಿಲ್ ಯುದ್ಧದ ಬೆನ್ನಿಗೇ ನಡೆದ 1999ರ ಲೋಕಸಭಾ ಚುನಾವಣೆಯಲ್ಲಿ ವಾಜಪೇಯಿ ಮರಳಿ ಪ್ರಧಾನಿಯಾದರು ನಿಜ, ಆದರೆ ಬಿಜೆಪಿ ಗೆದ್ದ ಸ್ಥಾನಗಳು 182, 1998ರಲ್ಲಿಯೂ ಅಷ್ಟೇ.

ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಸ್ಪೇನ್. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿ 190ಕ್ಕೂ ಹೆಚ್ಚು ಜನ ಸತ್ತರು. ಮೂರೇ ದಿನಗಳಲ್ಲಿ ಮತದಾನವಿತ್ತು. ಪ್ರಧಾನಿ ಅಸ್ನಾರ್ ಅವರ ಸರ್ಕಾರವು ಬಾಸ್ಕ್ ಪ್ರತ್ಯೇಕತಾವಾದಿಗಳ 'ಈಟಾ' ಸಂಘಟನೆಯೇ ಇದಕ್ಕೆ ಕಾರಣವೆಂದು ಹೇಳುತ್ತ ಹೋಯಿತು. ತನಿಖೆಯ ಸುಳಿವುಗಳಾದರೋ ಇಸ್ಲಾಮೀ ಉಗ್ರರತ್ತ ಬೊಟ್ಟು ಮಾಡುತ್ತಿದ್ದವು. ಬಹುಪಾಲು ಜನರ ವಿರೋಧವಿದ್ದರೂ ಇರಾಕಿಗೆ ಸೇನೆ ಕಳುಹಿಸಿದ್ದ ಸರ್ಕಾರಕ್ಕೆ ಆ ಸುಳಿವುಗಳು ಅನುಕೂಲಕರವಾಗಿರಲಿಲ್ಲ; ದಾಳಿಯು ಇರಾಕ್ ಯುದ್ಧಕ್ಕೆ ಪ್ರತೀಕಾರವೆಂದು ಜನ ಭಾವಿಸಬಹುದಿತ್ತು. ಸಮೀಕ್ಷೆಗಳಲ್ಲಿ ಮುಂದಿದ್ದ ಆಡಳಿತ ಪಕ್ಷ ಸೋತು, ಸಮಾಜವಾದಿ ನಾಯಕ ಸಪತೆರೋ ಪ್ರಧಾನಿಯಾದರು. ಇದನ್ನು ಜನ ಹೆದರಿ ಹಾಕಿದ ಮತವೆಂದು ಹಂಗಿಸಿದವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಾಳಿಯಾಯಿತೆಂಬುದಕ್ಕಿಂತ, ದಾಳಿಯ ಬಗ್ಗೆ ತಮಗೆ ಪೂರ್ತಿ ಸತ್ಯ ಹೇಳುತ್ತಿಲ್ಲವೆಂಬ ಅನುಮಾನವೇ ಅವರನ್ನು ಹೆಚ್ಚು ಕೆರಳಿಸಿತು. ಭದ್ರತೆಯ ವಿಷಯದಲ್ಲಿ ಜನ ನಾಯಕನಿಗೆ ಕೊಡುವುದು ಒಂದು ಬಗೆಯ ಕಡ; ಮಾಹಿತಿಯನ್ನು ಮುಚ್ಚಿಟ್ಟರೆ ಅದನ್ನು ಅವಧಿಗೆ ಮೊದಲೇ ವಸೂಲು ಮಾಡುತ್ತಾರೆ.

ಪ್ರಶ್ನೆ: ಹಾಗಿದ್ದರೆ "ದೇಶದ ಭದ್ರತೆಗೆ ಯಾರು ಸಮರ್ಥರು?" ಎಂದು ಕೇಳುವ ಸಮೀಕ್ಷೆಗಳನ್ನು ನಂಬಬಹುದೇ?

ಉತ್ತರ: ಆ ಪ್ರಶ್ನೆಗೆ ಬರುವ ಉತ್ತರವನ್ನು ನಂಬಬಹುದು, ಆದರೆ ಅದನ್ನೇ ಚುನಾವಣೆಯ ಫಲಿತಾಂಶವೆಂದು ಓದಬಾರದು. ಸೇನೆಯೂ ಗುಪ್ತಚರ ಇಲಾಖೆಯೂ ಯಾರ ಕೈಕೆಳಗಿವೆಯೋ ಅವರೇ ಸಮರ್ಥರಾಗಿ ಕಾಣುವುದು ಸಹಜ. ವಿರೋಧ ಪಕ್ಷದ ನಾಯಕನಿಗೆ ಅದನ್ನು ತೋರಿಸುವ ಅವಕಾಶವೇ ಇರುವುದಿಲ್ಲ. ಮತ ಹಾಕುವಾಗ ಭದ್ರತೆ ತಮಗೆ ಎಷ್ಟು ಮುಖ್ಯವೆಂದು ಜನರನ್ನು ಪ್ರತ್ಯೇಕವಾಗಿ ಕೇಳಿದ್ದಾರೆಯೇ, ಬೆಲೆ ಮತ್ತು ಉದ್ಯೋಗದ ಪ್ರಶ್ನೆಗಳು ಅದಕ್ಕಿಂತ ಮೊದಲು ಬಂದಿದ್ದವೇ ಅಥವಾ ನಂತರವೇ, ಸಮೀಕ್ಷೆ ನಡೆದದ್ದು ಘಟನೆಯಾದ ಎಷ್ಟು ದಿನಕ್ಕೆ ಎಂಬುದನ್ನು ಮೊದಲು ನೋಡಿ. ಈ ವಿವರಗಳನ್ನು ಪ್ರಕಟಿಸದ ಸಮೀಕ್ಷೆಯನ್ನು ಪಕ್ಕಕ್ಕಿಡುವುದೇ ಲೇಸು.